ತಿಮರೆ: ಊಟಕ್ಕೆ ಸರಿ, ಗುಳಿಗೆಗೆ ಬದಲಿಯಲ್ಲ

ತುಳುವಿನ ತಿಮರೆ, ಕನ್ನಡದ ಒಂದೆಲಗ. ಬನ್ನಂಜೆ ಆಸುಪಾಸಿನ ಗದ್ದೆ ಹುಣಿ, ತೋಡಿನ ಬದಿ, ಬಾವಿಕಟ್ಟೆ ಬುಡದಲ್ಲೆಲ್ಲ ಮಳೆ ಬಿದ್ದರೆ ಸಾಕು, ತಾನಾಗಿ ಹಬ್ಬುತ್ತದೆ. ಮಕ್ಕಳ ಬುದ್ಧಿಗೆ ಒಳ್ಳೆಯದು ಅಂತ ಅಜ್ಜಿಯಂದಿರು ಅರೆದು ಕೊಡುತ್ತಿದ್ದರು. ಈ ಮಾತಿನಲ್ಲಿ ಹುರುಳೆಷ್ಟು, ನೋಡೋಣ.

ಎಲೆಯೊಳಗೆ ಏನಿದೆ?

ಏಷ್ಯಾಟಿಕೋಸೈಡ್, ಮೆಡೆಕಾಸೋಸೈಡ್, ಏಷ್ಯಾಟಿಕ್ ಆಮ್ಲ ಎಂಬ ಅಂಶಗಳಿವೆ. ಗದ್ದೆಗೆ ನೀರು ಬೇಕು, ಹೆಚ್ಚಾಗಿ ನಿಂತರೆ ಬೇರು ಕೊಳೆಯುತ್ತದಲ್ಲ? ರೋಗ ತಡೆಯುವ ಶಕ್ತಿಯೂ ಹಾಗೇ. ಅತಿಯಾಗಿ ಕೆರಳಿದರೆ ಉರಿಯೂತವಾಗಿ ನಮ್ಮದೇ ನರಕ್ಕೆ ಹಾನಿ. ಈ ಅಂಶಗಳು ಆ ಉರಿಯೂತವನ್ನು ತಗ್ಗಿಸುವುದು ಪ್ರಯೋಗಶಾಲೆಯ ಜೀವಕೋಶಗಳಲ್ಲಿ, ಇಲಿಗಳಲ್ಲಿ ಕಂಡುಬಂದಿದೆ.

ನಮ್ಮ ಮಣಿಪಾಲದಲ್ಲೇ ಕೆ.ಜಿ. ಮೋಹನದಾಸ ರಾವ್ ಮತ್ತು ಸಂಗಡಿಗರು ಇಲಿಮರಿಗಳಿಗೆ ತಿಮರೆಯ ಹಸಿ ರಸ ಕುಡಿಸಿ ನೋಡಿದರು. 2006ರಲ್ಲಿ ಅದರ ವರದಿ ಬಂತು. ಕಿಲೋ ತೂಕಕ್ಕೆ 2, 4, 6 ಮಿಲಿಲೀಟರಿನಂತೆ, 2, 4, 6 ವಾರ ಕೊಟ್ಟದ್ದು. ಹೆಚ್ಚು ಪ್ರಮಾಣ, ಹೆಚ್ಚು ವಾರ ಕುಡಿದ ಮರಿಗಳಲ್ಲಿ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗದ ನರಕೋಶಗಳ ಕವಲು ಚೆನ್ನಾಗಿ ಹರಡಿತ್ತು. ಆದರೆ ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹಾಗೇ ಹಾಕಲು ಬರುವುದಿಲ್ಲ.

ಎಚ್ಚರ ಎಲ್ಲಿ ಬೇಕು?

ಕೈ ನಡುಗುವ ನನ್ನ ಅಮ್ಮನಿಗೆ "ಗುಳಿಗೆ ಬಿಡಿಸಿ, ತಿಮರೆ ರಸ ಕುಡಿಸಿ" ಎಂದವರಿದ್ದಾರೆ. ನಾವು ಗುಳಿಗೆ ಬಿಡಿಸಲಿಲ್ಲ, ತಂಬುಳಿಯನ್ನೂ ಬಿಡಲಿಲ್ಲ. ನಡುಕ, ಫಿಟ್ಸ್ ಕಾಯಿಲೆಯ ಗುಳಿಗೆಯನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಅತಿಯೂ ಬೇಡ. ತಿಮರೆಯ ಮಾತ್ರೆಗಳನ್ನು 20ರಿಂದ 60 ದಿನ ನುಂಗಿದ ಮೂವರು ಹೆಂಗಸರಿಗೆ ಕಾಮಾಲೆಯಾದ ವರದಿ 2005ರಲ್ಲಿ ಬಂದಿದೆ. ಮಾತ್ರೆ ಬಿಟ್ಟ ಮೇಲೆ ಗುಣವಾಯಿತು. ಪಿತ್ತಜನಕಾಂಗದ ತೊಂದರೆ ಇದ್ದವರು, ಬಸುರಿಯರು, ನಿದ್ದೆ ಗುಳಿಗೆ ತಿನ್ನುವವರು ಡಾಕ್ಟರಲ್ಲಿ ಕೇಳಿಯೇ ಮುಂದುವರಿಯಿರಿ.

ಗುರುತು ತಪ್ಪಬೇಡಿ. ಬ್ರಾಹ್ಮಿ ಎಂಬ ಹೆಸರು ಎರಡು ಗಿಡಕ್ಕಿದೆ. ಒಂದೆಲಗಕ್ಕೆ ಒಂದು ದಂಟಿಗೆ ಒಂದೇ ದುಂಡೆಲೆ. ನೀರುಬ್ರಾಹ್ಮಿಗೆ ಜೋಡಿ ಜೋಡಿಯಾಗಿ ಸಣ್ಣ ದಪ್ಪ ಎಲೆ.

ಬೆಳೆಸುವುದು

ಪೇಟೆಯ ಚರಂಡಿ ಬದಿಯ ತಿಮರೆ ಕೊಯ್ಯಬೇಡಿ. ಹಸಿಯಾಗಿ ತಿನ್ನುವ ಸೊಪ್ಪಿದು. ಕೊಳಕು ನೀರಿನ ರೋಗಾಣು, ಕಳೆನಾಶಕ ಎಲ್ಲ ಹೊಟ್ಟೆಗೇ. ಇಲಿ ಮೂತ್ರ ಸೇರಿದ ನೀರಿನಿಂದ ಇಲಿಜ್ವರವೂ ಬರುತ್ತದೆ.

ನನ್ನದು ಮಳೆ ನಂಬಿದ ಬೆಟ್ಟು ಗದ್ದೆ. ಬೇಸಿಗೆಗೆ ತಿಮರೆ ಒಣಗುತ್ತದೆ. ಆದ್ದರಿಂದ ಮಳೆಗಾಲದಲ್ಲೇ ಬೇರಿರುವ ಗೆಣ್ಣುಗಳನ್ನು ತಂದು ಅಗಲದ ಚಟ್ಟಿಯಲ್ಲಿ ಮಣ್ಣು, ಹಟ್ಟಿಗೊಬ್ಬರ ಬೆರೆಸಿ ನೆಡಬೇಕು. ಅರೆನೆರಳು, ದಿನಕ್ಕೊಂದು ಚೊಂಬು ಬಾವಿ ನೀರು ಸಾಕು. ಬಳ್ಳಿ ಉಳಿಸಿ, ಎಲೆ ಮಾತ್ರ ಚಿವುಟಿ.

ಚೆನ್ನಾಗಿ ತೊಳೆದ ಒಂದು ಹಿಡಿ ಎಲೆ, ತೆಂಗಿನ ತುರಿ, ಜೀರಿಗೆ, ಕಾಳುಮೆಣಸು ಅರೆದು ಮಜ್ಜಿಗೆಗೆ ಬೆರೆಸಿದರೆ ಇಡೀ ಮನೆಗೆ ತಂಬುಳಿ. ಖರ್ಚಿಲ್ಲ. ಮದ್ದು ಅಂತಲ್ಲ, ಊಟ ಅಂತ ಉಣ್ಣಿ.