ಲಾರಿ ಕ್ಯಾಬಿನ್ನಿನ ಬ್ಲೋಯರ್ ನಿಂತಾಗ: ಮೋಟಾರು ಬದಲಿಸುವ ಮೊದಲು

2024ರ ಡಿಸೆಂಬರಿನಲ್ಲಿ ನಮ್ಮ ಲಾರಿಯೊಂದು ಹಾಸನದಿಂದ ಕಾಫಿ ಮೂಟೆ ಹೇರಿಕೊಂಡು ಬೆಂಗಳೂರಿನ ಹೊಸೂರು ರಸ್ತೆಯ ಕಡೆಗೆ ಹೊರಟಿತ್ತು. ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಬರುವಾಗ, ಬೆಳಗಿನ ಜಾವದ ಚಳಿಗೆ ಮುಂಗಾಜಿನ ಒಳಮೈಯಲ್ಲಿ ಮಂಜು ಕಟ್ಟತೊಡಗಿತು. ಹೀಟರ್ ಹಾಕಿದರೆ ಗಾಳಿಯೇ ಇಲ್ಲ. ಚಾಲಕರು ಒಂದು ಕೈಯಲ್ಲಿ ಗಾಜು ಒರೆಸುತ್ತ, ಬನ್ನೇರುಘಟ್ಟ ರಸ್ತೆ ಸಿಕ್ಕಿದಲ್ಲಿ ಇಳಿದು ಗೊಟ್ಟಿಗೆರೆಯ ಗ್ಯಾರೇಜೊಂದರ ಮುಂದೆ ಲಾರಿ ನಿಲ್ಲಿಸಿದರು. ಮೋಟಾರು ಸುಟ್ಟಿದೆ ಎಂದು ತೀರ್ಮಾನವಾಯಿತು. ಹೊಸ ಮೋಟಾರು ಹಾಕಿದ್ದಾಯಿತು, ಗಾಳಿಯೂ ಬಂತು. ಆದರೆ ಮರಳಿ ಬರುವಾಗ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಹೊಸದೂ ನಿಂತಿತು.

ಬಯಲುಸೀಮೆಯವರಿಗೆ ಇದು ಸಣ್ಣ ವಿಷಯವೆನಿಸಬಹುದು. ಮಳೆಗಾಲದಲ್ಲಿ ಶಿರಾಡಿಯನ್ನೋ ಸಂಪಾಜೆಯನ್ನೋ ಇಳಿಯುವ ನಮಗೆ ಹಾಗಲ್ಲ. ಒದ್ದೆ ಬಟ್ಟೆಯಿಂದಲೂ ಉಸಿರಿನಿಂದಲೂ ಕ್ಯಾಬಿನ್ನಿನಲ್ಲಿ ತೇವ ತುಂಬುತ್ತದೆ. ಅದು ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಬೆಚ್ಚಗಿನ ಗಾಳಿ ಗಾಜಿಗೆ ಬಡಿಯುತ್ತಿದ್ದರೆ ಮಾತ್ರ ಅದು ಆರುತ್ತದೆ. ಬ್ಲೋಯರ್ ಇಲ್ಲದಿದ್ದರೆ ತಿರುವಿನಲ್ಲಿ ಎದುರು ಬರುವ ಬಸ್ಸು ಕಾಣುವುದಿಲ್ಲ.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸು, ರಿಲೇ, ಸ್ವಿಚ್ಚು, ರೆಸಿಸ್ಟರ್ ಇವುಗಳನ್ನು ದಾಟಿ ಮೋಟಾರಿಗೆ ಬಂದು, ಅರ್ತ್ ವೈರಿನ ಮೂಲಕ ಚಾಸಿಗೆ ಮರಳಬೇಕು. ಕೊಂಡಿಗಳ ಕ್ರಮ ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆಯಾಗಬಹುದು; ಆದರೆ ಎಲ್ಲಿ ಕಡಿದರೂ ಗಾಳಿ ನಿಲ್ಲುತ್ತದೆ. ಮೋಟಾರು ಈ ಸಾಲಿನ ಒಂದು ಕೊಂಡಿ ಮಾತ್ರ, ಬೆಲೆಯಲ್ಲಿ ಬಹುಮಟ್ಟಿಗೆ ದುಬಾರಿ ಕೊಂಡಿ. ಆದುದರಿಂದ ಅದನ್ನು ಕೊನೆಗೆ ಶಂಕಿಸುವುದು ಲೇಸು.

ಸ್ವಿಚ್ಚಿನ ಗುಬ್ಬಿ ತಿರುಗಿಸಿ ನೋಡುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಪೂರ್ಣ ವೇಗದಲ್ಲಿ ಮಾತ್ರ ಗಾಳಿ ಬಂದು ಕೆಳಗಿನ ವೇಗಗಳಲ್ಲಿ ಬಾರದಿದ್ದರೆ ರೆಸಿಸ್ಟರ್ ಹೋಗಿದೆಯೆಂದು ಹೆಚ್ಚುಕಡಿಮೆ ಹೇಳಬಹುದು. ಏಕೆಂದರೆ ಪೂರ್ಣ ವೇಗದಲ್ಲಿ ವಿದ್ಯುತ್ತು ಸಾಮಾನ್ಯವಾಗಿ ಅದನ್ನು ಬಿಟ್ಟು ನೇರ ಹೋಗುತ್ತದೆ. ಇದನ್ನು ಗಾಳಿಯ ಕೊಳವೆಯೊಳಗೇ ಕೂರಿಸಿರುತ್ತಾರೆ, ಬೀಸುವ ಗಾಳಿಯೇ ಅದನ್ನು ತಣಿಸಲೆಂದು. ಹೊರಗಿನ ಗಾಳಿ ಬರುವ ಬಾಯಿಯಲ್ಲಿ ಸಿಲ್ವರ್ ಮರದ ಎಲೆ, ಕಾಫಿ ಹೊಟ್ಟು, ಅಡಿಕೆ ಸಿಪ್ಪೆಯ ನಾರು ತುಂಬಿದ್ದರೆ ಅದು ಕಾದು ಹೋಗುತ್ತದೆ. ಬಾಯಿ ಬಿಡಿಸದೆ ಹೊಸ ರೆಸಿಸ್ಟರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕೊಯ್ಲು ಮುಗಿದು ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಾದರೆ ಇಲಿಯ ಗೂಡನ್ನೂ ಹುಡುಕಬೇಕು.

ಯಾವ ವೇಗದಲ್ಲೂ ಗಾಳಿ ಇಲ್ಲದಿದ್ದರೆ ಮೊದಲು ಫ್ಯೂಸು ನೋಡುವುದು. ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕತಕ್ಕದ್ದು. ಅದೂ ಹೋದರೆ ಎಲ್ಲೋ ವೈರು ತಾಗಿದೆ ಅಥವಾ ಮೋಟಾರು ಬಿಗಿದಿದೆ ಎಂದರ್ಥ. ಸಿಗರೇಟು ಪ್ಯಾಕಿನ ಕಾಗದ ಸುತ್ತಿ ಊರು ಸೇರಿದವರನ್ನು ನಾವು ಬಲ್ಲೆವು. ಹಿಂದೆ ಗೋಣಿಚೀಲ ಹೇರಿಕೊಂಡ ಗಾಡಿಯಲ್ಲಿ ಆ ಕೆಲಸ ಬೇಡ.

ಫ್ಯೂಸು ಸರಿಯಿದ್ದರೆ ಮೋಟಾರಿನ ಕಪ್ಲರ್ ಬಳಿ ಪರೀಕ್ಷೆ. ನಮ್ಮ ಲಾರಿಗೆ ತಪ್ಪು ಚಿಕಿತ್ಸೆಯಾದದ್ದು ಇಲ್ಲಿಯೇ. ಗ್ಯಾರೇಜಿನವರು ಕಪ್ಲರ್ ಬಿಚ್ಚಿ ಮೀಟರ್ ಹಿಡಿದರು, 24 ವೋಲ್ಟು ತೋರಿಸಿತು. ವಿದ್ಯುತ್ತು ಬಂದರೂ ತಿರುಗದ ಮೋಟಾರು ಸತ್ತಿದೆ ಎಂದು ತಿಳಿದರು. ಆದರೆ ಮೀಟರು ಎಳೆಯುವ ವಿದ್ಯುತ್ತು ತೀರ ಅಲ್ಪ. ಕಪ್ಪಿಟ್ಟ ಪಿನ್ನಿನ ಮೂಲಕವೂ ಅಷ್ಟು ಹರಿದು ಬಂದು ಪೂರ್ಣ ವೋಲ್ಟು ತೋರಿಸುತ್ತದೆ. ಮೋಟಾರು ಎಳೆಯುವುದು ಹಲವು ಆಂಪಿಯರು. ಅಷ್ಟಕ್ಕೆ ಆ ಪಿನ್ನು ದಾರಿ ಕೊಡುವುದಿಲ್ಲ. ಹಣಿ ನೀರು ತೊಟ್ಟಿಕ್ಕುವ ಪೈಪಿನ ಕೊನೆಯನ್ನು ಮುಚ್ಚಿ ಒತ್ತಡ ನೋಡಿದಂತೆ ಇದು. ಬಾಯಿ ತೆರೆದಾಗಲೇ ಕಟ್ಟಿಕೊಂಡಿರುವುದು ಗೊತ್ತಾಗುವುದು. ಹೊಸ ಮೋಟಾರು ಕೂರಿಸುವಾಗ ಪಿನ್ನು ಉಜ್ಜಿಕೊಂಡು ತಾತ್ಕಾಲಿಕವಾಗಿ ಸರಿಯಾಗಿತ್ತು, ಅಷ್ಟೆ.

ಆದುದರಿಂದ ಕಪ್ಲರ್ ಜೋಡಿಸಿದ ಸ್ಥಿತಿಯಲ್ಲೇ, ಸ್ವಿಚ್ಚು ಪೂರ್ಣ ವೇಗದಲ್ಲಿರುವಾಗ, ಹಿಂಬದಿಯಿಂದ ಮುಳ್ಳು ತಾಗಿಸಿ ಅಳೆಯಬೇಕು. ಮೋಟಾರಿನ ಎರಡು ತುದಿಗಳ ನಡುವೆ ಬ್ಯಾಟರಿಯಷ್ಟೇ ವೋಲ್ಟು ಇದ್ದೂ ತಿರುಗದಿದ್ದರೆ ದೋಷ ಮೋಟಾರಿನದು. ಕಡಿಮೆಯಿದ್ದರೆ ಒಂದು ಮುಳ್ಳನ್ನು ಅರ್ತ್ ತುದಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಹಿಡಿಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ದಾರಿ ಕೆಟ್ಟಿದೆ. ಮೀಟರಿಲ್ಲದವರು ಹೆಡ್‌ಲೈಟಿನ ಬಲ್ಬಿಗೆ ಎರಡು ವೈರು ಕಟ್ಟಿ ನೋಡಬಹುದು. ಬಲ್ಬು ಭಾರ ಎಳೆಯುವುದರಿಂದ ಮಂಕಾದರೆ ಸತ್ಯ ಹೊರಬೀಳುತ್ತದೆ. ದೊಡ್ಡ ಲಾರಿಗೆ 24 ವೋಲ್ಟಿನ ಬಲ್ಬು, ಪಿಕಪ್ ಗಾಡಿಗೆ 12 ವೋಲ್ಟಿನದು. ಮೋಟಾರು ಕೊಳ್ಳುವಾಗಲೂ ಇದೇ ಎಚ್ಚರ ಬೇಕು.

ನಮ್ಮ ಚಾಲಕರು ಹಳೆಯ ಮೋಟಾರನ್ನು ಬಿಟ್ಟು ಬಾರದೆ ತಂದಿದ್ದರು. ಊರಿನ ಎಲೆಕ್ಟ್ರಿಷಿಯನ್ನರು ನಡುವೆ ಫ್ಯೂಸಿಟ್ಟು ಅದನ್ನು ಬ್ಯಾಟರಿಗೆ ನೇರ ಕೊಟ್ಟಾಗ ಗಿರ್ರನೆ ತಿರುಗಿತು. ಕಪ್ಲರ್ ಬದಲಿಸಿ ಅದನ್ನೇ ಮರಳಿ ಕೂರಿಸಿದೆವು.

ಮೋಟಾರೇ ಕೆಡುವುದೂ ಉಂಟು. ಮೆಲ್ಲಗೆ ತಟ್ಟಿದರೆ ತಿರುಗುವುದಾದರೆ ಕಾರ್ಬನ್ ಬ್ರಷ್ ಸವೆದಿದೆ. ಕಿರುಗುಟ್ಟಿದರೆ ಬುಷ್ ಒಣಗಿದೆ. ಗುಂಯ್ ಎಂದು ತಿರುಗದೆ ನಿಂತರೆ ಕೂಡಲೇ ಸ್ವಿಚ್ಚು ಆರಿಸಬೇಕು, ಬಿಗಿದ ಮೋಟಾರು ಹಲವು ಪಟ್ಟು ವಿದ್ಯುತ್ತು ಎಳೆದು ಕಪ್ಲರನ್ನೂ ಕರಗಿಸುತ್ತದೆ.

2025ರಲ್ಲಿ ಜಾರಿಗೆ ಬಂದ ನಿಯಮದಂತೆ, ಹೊಸದಾಗಿ ತಯಾರಾಗುವ, ಮೂರೂವರೆ ಟನ್ನಿಗೆ ಮೇಲ್ಪಟ್ಟ ಸರಕು ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಅದಕ್ಕೂ ಗಾಳಿ ಬೀಸುವುದು ಬ್ಲೋಯರೇ. ಅಂಥ ಗಾಡಿಯಲ್ಲಿ ಮಂಜು ಕಟ್ಟಿದಾಗ ಎ.ಸಿ. ಹಾಕಿ, ಹೊರಗಿನ ಗಾಳಿಯ ಬಾಗಿಲು ತೆರೆದಿಡಿ; ಎ.ಸಿ. ಗಾಳಿಯ ತೇವವನ್ನು ಹಿಂಡುತ್ತದೆ.

ಗಾಳಿ ಜೋರಾಗಿ ಬಂದೂ ಬಿಸಿಯಿಲ್ಲದಿದ್ದರೆ ವಿದ್ಯುತ್ತನ್ನು ಬಿಟ್ಟು ರೇಡಿಯೇಟರಿನ ನೀರು ನೋಡಿ. ಗಾಜಿಗೆ ಜಿಡ್ಡು ಪೊರೆ ಕಟ್ಟಿ ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ ಬಂದರೆ ಹೀಟರಿನ ಕೊಳವೆ ಸೋರುತ್ತಿದೆ. ಅದನ್ನು ಘಟ್ಟ ಇಳಿಯುವ ಮೊದಲೇ ರಿಪೇರಿ ಮಾಡಿಸಬೇಕು.