ಲೆಕ್ಕ ಟ್ಯಾಂಕಿನಿಂದ ಶುರುವಾಗಲಿ

ಹಳೆಯ ಕಾರಿನ ಶಕ್ತಿ ಹೆಚ್ಚಿಸಲು ಹೊರಟವರು ಮೊದಲು ವಿಚಾರಿಸುವುದು ಇಸಿಯು ರೀಮ್ಯಾಪಿಗೆ, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಲು, ಎಷ್ಟಾಗುತ್ತದೆ ಎಂದು. ಅದನ್ನು ಕೊನೆಗೆ ಕೇಳಿ ಎನ್ನುತ್ತೇನೆ ನಾನು. ಇಡೀ ಯೋಜನೆಯಲ್ಲಿ ಅದು ಸಣ್ಣ ಬಾಬ್ತು. ನಿಜವಾದ ಖರ್ಚು ಬರುವುದು ಇಪ್ಪತ್ತು ವರ್ಷ ದುಡಿದ ಎಂಜಿನ್ನನ್ನು ಆ ಶಕ್ತಿಗೆ ಅಣಿಗೊಳಿಸುವಾಗ, ಅದಕ್ಕೆ ಬೇಕಾದಷ್ಟು ಪೆಟ್ರೋಲ್ ತಲುಪಿಸುವಾಗ.

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ, ಒಂದೊಂದು ಸಿಲಿಂಡರಿಗೂ 5 ವಾಲ್ವ್. ಯುರೋಪಿನಲ್ಲಿ ಇದಕ್ಕೆ 180 ಅಶ್ವಶಕ್ತಿ ಇತ್ತು, ನಮ್ಮಲ್ಲಿಗೆ ಬಂದದ್ದು 150. ನಾನು ಇಟ್ಟುಕೊಂಡ ಗುರಿ 190. ಈ ಅಂಕಿ ಮೊದಲೇ ಗಟ್ಟಿಯಾಗಬೇಕು, ಏಕೆಂದರೆ ಪಂಪು, ಇಂಜೆಕ್ಟರು, ಕ್ಲಚ್ಚು ಎಲ್ಲದರ ಖರ್ಚೂ ಅದರ ಮೇಲೆಯೇ ನಿಂತಿದೆ. ಗುರಿ ನಡುವೆ ಬದಲಾದರೆ ಕೊಂಡ ಬಿಡಿಭಾಗಗಳೆಲ್ಲ ಅಟ್ಟ ಸೇರುತ್ತವೆ.

ಇಂಥ ಕೆಲಸಕ್ಕೆ ಸಾಲ ಮಾಡಲೇಬಾರದು. ಹಾಕಿದ ಹಣ ಕಾರು ಮಾರುವಾಗ ವಾಪಸು ಬರುವುದಿಲ್ಲ. ಬಡ್ಡಿಯೂ ಸೇರಿದರೆ ಪ್ರೀತಿಯ ಕಾರೇ ಮನೆಯಲ್ಲಿ ಜಗಳಕ್ಕೆ ಕಾರಣವಾಗುತ್ತದೆ. ನಾನು ಬ್ಯಾಂಕಿನಲ್ಲಿ ಬೇರೆಯದೇ ಆರ್‌ಡಿ ತೆರೆದೆ. ಅದು ಕೈಗೆ ಬಂದ ಮೇಲೆಯೇ ಮುಂದಿನ ಹಂತ.

ಮೊದಲ ಹಂತದಲ್ಲಿ ಎಂಜಿನ್ನಿನ ಆರೋಗ್ಯ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ ಆದಮೇಲೆ ಆಯಿಲ್ ಸಂಪ್ ಬಿಚ್ಚಿಸಿದೆ. ಈ ಎಂಜಿನ್ನಿನಲ್ಲಿ ಆಯಿಲ್ ಕೆಸರಾಗಿ ಪಂಪಿನ ಬಾಯಿಗೆ ಕಟ್ಟುವುದು ಜಗತ್ತಿಗೇ ಗೊತ್ತಿರುವ ತೊಂದರೆ. ಮೆಕ್ಯಾನಿಕ್ ಹೀರುಕೊಳವೆಯನ್ನು ಕಳಚಿ ಟಾರ್ಚ್ ಹಿಡಿದರೆ ಜಾಲರಿಯ ಅರ್ಧ ಭಾಗದಲ್ಲಿ ಬೆಳಕೇ ಹಾಯುತ್ತಿರಲಿಲ್ಲ. ಉಗುರಿನಿಂದ ಕೆರೆದರೆ ಡಾಂಬರಿನಂಥ ಕರಿ ಚೂರು ಉದುರಿತು. ಹೀಗೇ ಬೂಸ್ಟ್ ಏರಿಸಿದ್ದರೆ ಟರ್ಬೊ ಬೇರಿಂಗಿಗೆ ಎಣ್ಣೆ ಸಾಲದೆ ಹೋಗುತ್ತಿತ್ತು. ಹೊಸ ಹೀರುಕೊಳವೆ, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಇಗ್ನಿಷನ್ ಕಾಯಿಲ್, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪುಗಳ ಜಾಗಕ್ಕೂ ಹೊಸವು ಬಂದವು. ಇದರಿಂದ ಒಂದು ಅಶ್ವಶಕ್ತಿಯೂ ಹೆಚ್ಚಲಿಲ್ಲ, ಬಜೆಟ್ಟಿನ ಅರ್ಧ ಇಲ್ಲಿಗೇ ಹೋಯಿತು. ಹೋಗಲೇಬೇಕಾದ ಹಣ ಅದು.

ಇನ್ನು ಪೆಟ್ರೋಲಿನ ಲೆಕ್ಕ. ಟರ್ಬೊ ಎಂಜಿನ್ನು ಪೂರ್ಣ ಭಾರದಲ್ಲಿ ಓಡುವಾಗ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 5.7 ಸಿಸಿ ಪೆಟ್ರೋಲ್ ಬೇಕು. 190ಕ್ಕೆ 1,083 ಸಿಸಿ, ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 271. ಇಂಜೆಕ್ಟರನ್ನು ಅದರ ಸಾಮರ್ಥ್ಯದ ಶೇ 80 ದಾಟಿ ದುಡಿಸಬಾರದು, ಹಾಗಾಗಿ 338 ಸಿಸಿಯದ್ದು ಬೇಕಾಯಿತು. ಇದರ ಮೇಲೆ ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾದ ಈ ಇಂಧನ ಈಗ ಎಲ್ಲ ಬಂಕಿನಲ್ಲೂ ಇದೆ. ತೂಕದ ಲೆಕ್ಕದಲ್ಲಿ ಒಂದು ಭಾಗ ಶುದ್ಧ ಪೆಟ್ರೋಲ್ ಉರಿಯಲು 14.7 ಭಾಗ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ, ಸಿಸಿ ಲೆಕ್ಕದಲ್ಲಿ, ಶೇ 7ರಷ್ಟಾದರೂ ಹೆಚ್ಚು ಇಂಧನ. ಲೆಕ್ಕ 360 ಸಿಸಿಗೆ ಬಂದು ನಿಂತಿತು.

ನನ್ನ ಹಳೆಯ ಇಂಜೆಕ್ಟರುಗಳನ್ನು ತೊಳೆಸಿ ಬೆಂಚಿನ ಮೇಲೆ ಅಳೆಸಿದರೆ 3 ಬಾರ್ ಒತ್ತಡದಲ್ಲಿ 310ರ ಆಸುಪಾಸು ಬಂತು. 4 ಬಾರ್ ರೆಗ್ಯುಲೇಟರ್ ಹಾಕಿದರೆ ಹರಿವು ಶೇ 15 ಏರುತ್ತದೆ, ಹೆಚ್ಚುಕಡಿಮೆ 358. ವಿದೇಶದಿಂದ ಹೊಸ ಇಂಜೆಕ್ಟರ್ ತರಿಸಿ, ಸಾಗಣೆ, ಸುಂಕ ತೆರುವ ಖರ್ಚು ಒಂದು ಸಣ್ಣ ರೆಗ್ಯುಲೇಟರಿನಿಂದ ಉಳಿಯಿತು.

ಆದರೆ ಒತ್ತಡ ಹೆಚ್ಚಿಸಿದರೆ ಪಂಪಿನ ಹರಿವು ತಗ್ಗುತ್ತದೆ. ಪಂಪನ್ನೇ ಬದಲಿಸಿ ಎಂಬ ಸಲಹೆ ಬಂತು. ಅದಕ್ಕೂ ಮುಂಚೆ ಹಿಂದಿನ ಸೀಟು ಎತ್ತಿ ಪಂಪಿನ ತಂತಿಗೆ ಮಲ್ಟಿಮೀಟರ್ ಹಿಡಿಯಿರಿ ಎಂದೆ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಪಂಪಿಗೆ ತಲುಪುತ್ತಿದ್ದುದು 11.6 ಮಾತ್ರ. ಹಳೆಯ ತಂತಿ, ಹಳೆಯ ರಿಲೇ ದಾರಿಯಲ್ಲೇ ಎರಡು ವೋಲ್ಟ್ ತಿನ್ನುತ್ತಿದ್ದವು. ದಪ್ಪ ತಂತಿಯೊಂದನ್ನು ಎಳೆದು ರಿಲೇ ಬದಲಿಸಿದ ಮೇಲೆ ಒತ್ತಡ ಕದಲದೆ ನಿಂತಿತು. ಉಳಿದ ಹಣದಲ್ಲಿ ಟ್ಯಾಂಕಿನಿಂದ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲಿನವರೆಗಿನ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ತೆಗೆಸಿ ಎಥನಾಲ್ ತಡೆಯುವಂಥವನ್ನು ಹಾಕಿಸಿದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಹೋಗುವುದು ಕಾರೊಂದೇ ಅಲ್ಲ, ಈ ಬಾಬ್ತಿನಲ್ಲಿ ಚೌಕಾಸಿ ಬೇಡ.

ಆಮೇಲೆ ರೀಮ್ಯಾಪು. 100 ಆಕ್ಟೇನ್ ಪೆಟ್ರೋಲಿಗೆ ಟ್ಯೂನ್ ಮಾಡಿಸಿ, ಇನ್ನೂ ಶಕ್ತಿ ಬರುತ್ತದೆ ಎಂದರು. ಅದು ಮಾಮೂಲಿಗಿಂತ ಲೀಟರಿಗೆ 50 ರೂಪಾಯಿಗೂ ದುಬಾರಿ. ತಿಂಗಳಿಗೆ 500 ಕಿಲೋಮೀಟರ್, ಲೀಟರಿಗೆ 10 ಎಂದು ಹಿಡಿದರೂ ವರ್ಷಕ್ಕೆ 30,000 ರೂಪಾಯಿ ಹೆಚ್ಚುವರಿ, ಅದೂ ಪ್ರತಿವರ್ಷ. ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋದಾಗ ಆ ಪೆಟ್ರೋಲ್ ಸಿಗದಿದ್ದರೆ ಎಂಜಿನ್ ನಾಕ್ ಆಗುವ ಭಯ ಬೇರೆ. ದಿನವೂ ಸಿಗುವ ಪೆಟ್ರೋಲಿಗೇ ಮಾಡಿಸಿದೆ.

ಕಾಗದಪತ್ರದ ಖರ್ಚನ್ನೂ ಬರೆದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದ್ದರಿಂದಲೇ ಬೇರೆ ಎಂಜಿನ್ ಕೂರಿಸುವ ಯೋಚನೆಯನ್ನೇ ನಾನು ಮಾಡಲಿಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಲಿಲ್ಲ. ಮಾಡಿಸಿದ್ದನ್ನೆಲ್ಲ ವಿಮಾ ಕಂಪನಿಗೆ ಬರೆದು ತಿಳಿಸಿದೆ. ಮುಚ್ಚಿಟ್ಟರೆ ಅಪಘಾತದ ದಿನ ಕ್ಲೇಮು ಕೈತಪ್ಪಬಹುದು. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟಿನಿಂದ 10,000 ರೂಪಾಯಿ ಶುಲ್ಕ. ಆ ಹಣವೂ ಆರ್‌ಡಿಯಲ್ಲೇ ಇರಲಿ.

ಇಷ್ಟಕ್ಕೇ ನಿಲ್ಲಿಸಿದೆಯಲ್ಲ, ದೊಡ್ಡ ಟರ್ಬೊ ಹಾಕಿಸಬಾರದಿತ್ತೇ ಎಂದು ಗೆಳೆಯರು ಕೇಳುತ್ತಾರೆ. ದೊಡ್ಡ ಟರ್ಬೊಗೆ ಇಂಜೆಕ್ಟರೂ ಪಂಪೂ ಹೊಸವೇ ಬೇಕು, ಮೂಲ ಕನೆಕ್ಟಿಂಗ್ ರಾಡ್‌ಗಳು ಆ ಟಾರ್ಕಿಗೆ ಬಾಗುತ್ತವೆ, ರಾಡ್ ಬದಲಿಸಲು ಎಂಜಿನ್ ಪೂರ್ತಿ ಬಿಚ್ಚಬೇಕು. 190ಕ್ಕೇ ನನ್ನ ಹಳೆಯ ಕ್ಲಚ್ ನಾಲ್ಕನೇ ಗೇರಿನಲ್ಲಿ ಜಾರಲು ಶುರುವಾಗಿದೆ. ಈಗ ನಡೆಯುತ್ತಿರುವ ಆರ್‌ಡಿ ಅದಕ್ಕೇ.