ಆಗುಂಬೆ ಮಳೆಕಾಡಿನ ಸಂಶೋಧನಾ ಕೇಂದ್ರಕ್ಕೆ ಹೊರಡುವ ಮುನ್ನ

ಬೆಂಗಳೂರಿನ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿಳಿದು ರಾತ್ರಿ ಬಸ್ ಹಿಡಿದರೆ ಬೆಳಿಗ್ಗೆ ತೀರ್ಥಹಳ್ಳಿ. ಬಿಟಿಎಂ ಲೇಔಟ್‌ನವರು ಹಳದಿ ಮಾರ್ಗದಲ್ಲಿ ಬಂದು ಆರ್‌.ವಿ. ರಸ್ತೆಯಲ್ಲಿ ರೈಲು ಬದಲಿಸಬೇಕು. ತೀರ್ಥಹಳ್ಳಿಯಿಂದ ಆಗುಂಬೆ ಸುಮಾರು 30 ಕಿ.ಮೀ. ದಾರಿ ಕಷ್ಟವಲ್ಲ, ತಯಾರಿ ಬೇಕಿರುವುದು ಅಲ್ಲಿ ತಂಗುವುದಕ್ಕೆ.

ಉರಗತಜ್ಞ ರೊಮುಲಸ್ ವಿಟೇಕರ್ ವಿಟ್ಲಿ ಪ್ರಶಸ್ತಿಯ ಹಣದಿಂದ 2005ರಲ್ಲಿ ಕಟ್ಟಿದ ಈ ಕೇಂದ್ರ ರೆಸಾರ್ಟ್ ಅಲ್ಲ. ಕಾಳಿಂಗ ಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮೀಟರ್ ಅಳವಡಿಸಿ, ಅವುಗಳ ಹಿಂದೆ ಕಾಡಿನಲ್ಲಿ ನಡೆದು ಅಧ್ಯಯನ ಮಾಡಿದ ಜಾಗ ಅದು. ಹಾಗಾಗಿ ಮೊದಲೇ ಮಾತಾಡಿ ಒಪ್ಪಿಗೆ ಪಡೆಯದೆ ಗೇಟಿನ ಮುಂದೆ ಹೋಗಿ ನಿಲ್ಲುವುದು ಸರಿಯಲ್ಲ. ಕೋಣೆಯೋ ಡಾರ್ಮಿಟರಿಯೋ, ಊಟ ಸೇರಿದೆಯೇ, ರಾತ್ರಿ ಕಾಡುನಡಿಗೆಗೆ ಯಾರು ಕರೆದೊಯ್ಯುತ್ತಾರೆ ಎಂಬುದನ್ನೆಲ್ಲ ಫೋನಿನಲ್ಲೇ ಕೇಳಿಕೊಳ್ಳಿ. ಟಿವಿ, ಏಸಿ ನಿರೀಕ್ಷೆ ಬೇಡ. ಮೊಬೈಲ್ ಸಿಗ್ನಲ್ ನಂಬಿಕೊಳ್ಳದೆ ಕೈಯಲ್ಲಿ ನಗದು ಇಟ್ಟುಕೊಂಡಿರಿ.

ಯಾವಾಗ ಹೋಗಬೇಕು? ಕಪ್ಪೆಗಳಿಗಾದರೆ ಮಳೆಗಾಲ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಊರು ಇದು; ಜುಲೈನಲ್ಲಿ ಒದ್ದೆಯಾದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಎರಡು ಜೊತೆ ಹೆಚ್ಚುವರಿ ಬಟ್ಟೆ, ಟಾರ್ಚು, ರೇನ್‌ಕೋಟು, ಉಂಬಳ ತಡೆಯುವ ಉದ್ದ ಕಾಲುಚೀಲ ಇರಲೇಬೇಕು. ಉಂಬಳ ತರಗೆಲೆಯ ಮೇಲೆ ಹಿಂಬದಿ ಊರಿ ನಿಂತು, ದಾರದಂಥ ಮೈ ಚಾಚಿ ಅತ್ತಿತ್ತ ಆಡಿಸುತ್ತದೆ. ಹೆಜ್ಜೆಯ ಕಂಪನ ತಿಳಿದೊಡನೆ ಬೂಟಿನತ್ತ ಮಗುಚುತ್ತ ಬರುತ್ತದೆ. ಕಚ್ಚಿದರೆ ಎಳೆಯಬೇಡಿ, ಉಗುರನ್ನು ಅದರ ಬಾಯಿಯ ಅಡಿಗೆ ತೂರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ. ಗಾಬರಿ ಬೇಡ.

ಕಪ್ಪೆಯನ್ನು ಮುಟ್ಟಿದರೆ, ಸೊಳ್ಳೆಗೆಂದು ಕೈಗೆ ಹಚ್ಚಿದ ಮುಲಾಮು ಅದರ ತೊಗಲಿನೊಳಗೆ ಇಳಿಯುತ್ತದೆ. ಮಕ್ಕಳು ಎಷ್ಟೇ ಹಟ ಮಾಡಿದರೂ ಮುಟ್ಟಲು ಬಿಡಬೇಡಿ.

ಕಾಳಿಂಗ ಕಂಡೇ ಕಾಣುತ್ತದೆಂದು ಯಾರೂ ಮಾತು ಕೊಡಲಾರರು. ಬೇಸಿಗೆಯಲ್ಲಿ ಹೆಣ್ಣು ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾಯಿತು. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ಇದರ ಕಡಿತಕ್ಕೆಂದು ತಯಾರಾದದ್ದಲ್ಲ. ಮಣಿಪಾಲದ ದೊಡ್ಡಾಸ್ಪತ್ರೆ ಘಟ್ಟ ಇಳಿದು ಸುಮಾರು 50 ಕಿ.ಮೀ. ದೂರ. ಮಾರ್ಗದರ್ಶಕರು ನಿಲ್ಲಿ ಅಂದಲ್ಲಿ ನಿಲ್ಲಬೇಕು, ಅಷ್ಟೆ.

ಕೇಂದ್ರದಲ್ಲಿ ಜಾಗ ಸಿಗದಿದ್ದರೆ ಆಗುಂಬೆಯ ಸುತ್ತಮುತ್ತ ಹೋಂಸ್ಟೇಗಳಿವೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆಯೂ ಊರೊಳಗೇ ಇದೆ. ಬರ್ಕಣ, ಒನಕೆ ಅಬ್ಬಿ ಜಲಪಾತಗಳ ಚಾರಣಕ್ಕೆ ಮಾತ್ರ ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಆ ದಾರಿಗಳನ್ನು ಮುಚ್ಚುವುದುಂಟು.